ಪವಿತ್ರ ಗೇರ್‌ಬಾಕ್ಸ್ ಬಿಚ್ಚಿದ್ದು

ಕಂದಿಕೆರೆ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಪವಿತ್ರಳಿಗೆ ಸಿಟ್ಟು ಜಾಸ್ತಿ ಅನ್ನುವುದು ಸುತ್ತಿನ ಏಳೆಂಟು ಹಳ್ಳಿಗೂ ಗೊತ್ತು. ರಾಗಿಯಲ್ಲಿ ಕಲ್ಲು ಕಂಡರೆ ಚೀಲವನ್ನು ಬಾಗಿಲಾಚೆ ಇಟ್ಟು, "ಹಸನು ಮಾಡ್ಕಂಡು ಬನ್ನಿ, ಗಿರಣಿ ನಿಮ್ಮಪ್ಪ ಮಾಡ್ಕೊಟ್ಟಿದ್ದಲ್ಲ" ಅನ್ನುತ್ತಾಳೆ. ಸರದಿ ತಪ್ಪಿಸಿ ಮುಂದೆ ಬಂದವರು ಪಂಚಾಯ್ತಿ ಮೆಂಬರೇ ಆಗಿರಲಿ, ಹಿಂದಕ್ಕೆ ಕಳಿಸುತ್ತಾಳೆ. ಆದರೂ ಜನ ಅವಳಲ್ಲಿಗೇ ಹೋಗುತ್ತಾರೆ. ಹಿಟ್ಟು ನುಣ್ಣಗೆ ಬರುತ್ತದೆ, ಗಿರಣಿ ಕೆಟ್ಟು ನಿಂತಿದ್ದನ್ನು ಯಾರೂ ಕಂಡಿಲ್ಲ. ಬೆಲ್ಟು ಹರಿದರೂ ಬೇರಿಂಗ್ ಹೋದರೂ ಅವಳೇ ಬದಲಾಯಿಸುತ್ತಾಳೆ. ಸವೆದ ಗಿರಣಿ ಕಲ್ಲನ್ನು ಉಳಿ ಹಿಡಿದು ಕುಟ್ಟಿ ಮತ್ತೆ ಒರಟು ಮಾಡುವುದಕ್ಕೂ ಯಾರನ್ನೂ ಕರೆಯುವುದಿಲ್ಲ.

ಅವಳಿಗೆ ಈಗ ಮೂವತ್ತೆಂಟು. ಗಂಡ ತಿಮ್ಮೇಶ್ ಲಗೇಜ್ ಆಟೊದಲ್ಲಿ ತೋಟಗಳಿಂದ ತೆಂಗಿನಕಾಯಿ ಸಾಗಿಸುತ್ತಾನೆ. ತಂದೆ ದಾಸಯ್ಯ ಇವರ ಜೊತೆಯಲ್ಲೇ ಇದ್ದಾನೆ. ಎಪ್ಪತ್ತೆರಡು ವಯಸ್ಸು. ಪಶು ಆಸ್ಪತ್ರೆಯಲ್ಲಿ ದನಕರುಗಳಿಗೆ ಲಸಿಕೆ ಹಾಕುವ ಕೆಲಸದಲ್ಲಿದ್ದು ರಿಟೈರಾದವನು. ಹಳಬರು ಅವನನ್ನು ಇವತ್ತಿಗೂ ಸೂಜಿ ದಾಸಯ್ಯ ಅಂತಲೇ ಕರೆಯುತ್ತಾರೆ.

ಆ ಕೆಲಸ ಮಾಡುವಾಗಲೇ, ಎಂಬತ್ತೇಳನೇ ಇಸವಿಯಲ್ಲಿ, ದಾಸಯ್ಯ ಮಿಲಿಟರಿಯಿಂದ ಬಂದವರೊಬ್ಬರಿಂದ ಹಳೇ ಬುಲೆಟ್ ಮೋಟಾರ್ ಸೈಕಲ್ ಕೊಂಡ. ಆಗಲೇ ಅದು ಹದಿಮೂರು ವರ್ಷದ ಗಾಡಿ. ಬಲಗಾಲಿನಲ್ಲಿ ಗೇರು ಹಾಕಬೇಕಾದ, ನಾಲ್ಕೇ ಗೇರಿನ ಗಾಡಿ. ಲಸಿಕೆ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು ಕಂದಿಕೆರೆಯಿಂದ ಹುಳಿಯಾರಿನ ತನಕ ಇಪ್ಪತ್ತೈದು ವರ್ಷ ತಿರುಗಿದ. ಅದರ ಸದ್ದು ಕೇಳಿದರೆ ಸಾಕು, ಹಳ್ಳಿಗಳಲ್ಲಿ ದನ ಹಿಡಿದು ಕಟ್ಟುತ್ತಿದ್ದರು.

ಪವಿತ್ರಳ ಸಿಟ್ಟಿನ ಬುಡವೂ ಆ ಗಾಡಿಯಲ್ಲೇ ಇತ್ತು. ಆರು ವರ್ಷದವಳಿದ್ದಾಗ ಅಪ್ಪ ಅವಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕರೆದೊಯ್ಯುತ್ತಿದ್ದ. ಊರಿನ ನಡುವೆ ಗಂಗಾಧರಯ್ಯನ ದೊಡ್ಡ ಮನೆ. ಆ ಮನೆಯ ತಿರುವು ಬಂದ ಕೂಡಲೇ ಅಪ್ಪ ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಮಗಳನ್ನು ಮೇಲೆ ಕೂರಿಸಿಕೊಂಡೇ ಗಾಡಿ ತಳ್ಳುತ್ತಿದ್ದ. ಜಗಲಿಯ ಮೇಲೆ ಕೂತ ಗಂಗಾಧರಯ್ಯ ಎಲೆಯಡಿಕೆ ಅಗಿಯುತ್ತ ನೋಡುತ್ತಿದ್ದ. ಆಚೆಯ ಹುಣಸೆಮರ ದಾಟಿದ ಮೇಲೆ ಅಪ್ಪ ಮತ್ತೆ ಕಿಕ್ ಹೊಡೆಯುತ್ತಿದ್ದ. "ಯಾಕಪ್ಪ ಇಳಿದೆ?" ಅಂದರೆ, "ಬುಡವ್ವ" ಅನ್ನುತ್ತಿದ್ದ. ಯಾಕೆ ಇಳಿಯುತ್ತಿದ್ದ ಅಂತ ಗೊತ್ತಾಗುವಷ್ಟು ದೊಡ್ಡವಳಾದ ಮೇಲೆ ಅವಳಿಗೆ ಆ ಮನೆಯ ಮೇಲೆ ಎಷ್ಟು ಸಿಟ್ಟು ಬಂತೋ, ಅಪ್ಪನ ಆ "ಬುಡು" ಅನ್ನುವ ಮಾತಿನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಜಮೀನಿನ ಬದು ಒತ್ತಿದರೂ ಬುಡು, ಪಿಂಚಣಿ ಕಾಗದ ತಡವಾದರೂ ಬುಡು. ಅವನು ಬಿಟ್ಟದ್ದನ್ನೆಲ್ಲ ಹೆಕ್ಕಿ ಜಗಳವಾಡುವುದು ತನ್ನ ಕೆಲಸ ಅಂತ ಅವಳು ತಿಳಿದುಕೊಂಡಿದ್ದಳು.

ಕಳೆದ ವರ್ಷ ದೀಪಾವಳಿಗೆ ಮುಂಚೆ ದಾಸಯ್ಯ ಕೆಂಕೆರೆಯ ನೆಂಟರ ಮನೆಗೆ ಹೋಗಿ ಬರುವಾಗ, ರಸ್ತೆ ಪಕ್ಕ ಗುಡ್ಡೆ ಹಾಕಿದ್ದ ತೆಂಗಿನಕಾಯಿ ಸಿಪ್ಪೆಗೆ ಗಾಡಿ ನುಗ್ಗಿಸಿ ಬಿದ್ದ. ಮೊಣಕೈ ತರಚಿತು, ಅಷ್ಟೇ. "ಮೂರನೇ ಗೇರು ಹಾರ್ಕಂಡ್ಬುಡ್ತು, ಗಾಡಿ ಕೈಗೆ ಸಿಗಲಿಲ್ಲ" ಅಂದ. ಗೇರಿನ ಪೆಡಲ್ ಒತ್ತಿದರೆ ಒತ್ತಿದಲ್ಲೇ ಉಳಿಯುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ತಿಪಟೂರಿನಲ್ಲಿ ಹಳೇ ಬುಲೆಟ್ ರಿಪೇರಿಗೆ ಹೆಸರಾದ ಸೂರ್ಯಪ್ರಕಾಶನ ಗ್ಯಾರೇಜಿಗೆ ಗಾಡಿ ಹೋಯಿತು.

ಹೋದದ್ದು ಹೋಗಿಯೇ ಬಿಟ್ಟಿತು. ಸಂಕ್ರಾಂತಿ ಕಳೆಯಿತು, ಯುಗಾದಿ ಕಳೆಯಿತು. ಪವಿತ್ರ ಫೋನ್ ಮಾಡಿದಾಗೆಲ್ಲ ಒಂದೊಂದು ನೆಪ. ಎಂಟನೇ ತಿಂಗಳಿಗೆ ಸೂರ್ಯಪ್ರಕಾಶ ಹೇಳಿದ: "ಅಕ್ಕಾ, ಒಳಗೆ ಗೇರಿನ ಹಲ್ಲೆಲ್ಲ ಉದುರಿ ಹೋಗಿವೆ. ಹಳೇ ಬಾಕ್ಸು, ಪಾರ್ಟ್ಸ್ ಸಿಗಲ್ಲ. ಸುಮ್ನೆ ಕೊಟ್ಬುಡಿ. ತಗಳೋರು ಇದ್ದಾರೆ."

"ಯಾರು?"

"ನಿಮ್ಮೂರೋರೇ. ಶಿವಮೂರ್ತಿ ಅವರು."

ಶಿವಮೂರ್ತಿ ಅಂದರೆ ಗಂಗಾಧರಯ್ಯನ ಮಗ. ಪವಿತ್ರ ಫೋನ್ ಇಟ್ಟಳು. ಗಿರಣಿಯಲ್ಲಿ ಸರದಿ ಕಾಯುತ್ತಿದ್ದ ರಾಮಲಕ್ಷ್ಮಮ್ಮ ಅನ್ನುವ ಮುದುಕಿ ಆಮೇಲೆ ಹೇಳಿದ್ದು, "ಅವಳ ಮುಖ ನೋಡಿ ನಾನು ಹಿಟ್ಟು ಬೀಸದೇ ಇದ್ರೂ ಚಿಂತಿಲ್ಲ ಅಂತ ಎದ್ದು ಬಂದೆ."

ಮಾರನೇ ದಿನವೇ ತಿಮ್ಮೇಶನ ಆಟೊದಲ್ಲಿ ಗಾಡಿ ಮನೆಗೆ ಬಂತು. ದಾಸಯ್ಯ ಬಾಗಿಲಲ್ಲಿ ನಿಂತು, "ಯಾಕವ್ವ ತಂದೆ, ಕೊಟ್ಬುಡದಲ್ವ" ಅಂದ. ಪವಿತ್ರ ಗಾಡಿಯನ್ನು ಗಿರಣಿಯ ಮುಂಗೋಣೆಗೆ ತಳ್ಳಿ ಸ್ಟ್ಯಾಂಡ್ ಹಾಕಿದಳು.

"ನೀನು ಬಿಚ್ತೀಯಾ?" ಅಂದ ತಿಮ್ಮೇಶ್.

"ಬೇರೆ ಯಾರ್ನಾದ್ರೂ ನಂಬ್ಲಾ?"

ನಮ್ಮ ಕಡೆ ತ್ರೀ ಫೇಸ್ ಕರೆಂಟು ಇಡೀ ದಿನ ಇರುವುದಿಲ್ಲ. ಅದು ಹೋದಾಗ ಗಿರಣಿ ನಿಲ್ಲುತ್ತದೆ. ಆ ಹೊತ್ತುಗಳೇ ಅವಳಿಗೆ ಸಿಕ್ಕ ಸಮಯ. ಕೊಬ್ಬರಿ ತುಂಬುವ ಗೋಣಿಚೀಲ ಹಾಸಿ, ನಟ್ಟು ಸ್ಕ್ರೂ ಹಾಕಲು ತೆಂಗಿನ ಚಿಪ್ಪುಗಳನ್ನು ಸಾಲಾಗಿ ಇಟ್ಟಳು. ಮೊದಲು ಕಿಕ್ಕರ್ ಬಿಚ್ಚಬೇಕು. ಅದನ್ನು ಹಿಡಿದಿದ್ದ ಪಿನ್ನು ತುಕ್ಕು ಹಿಡಿದು ಕೂತಿತ್ತು. ಸೀಮೆಎಣ್ಣೆ ಬಿಟ್ಟು, ಹಿತ್ತಾಳೆ ತುಂಡು ಕೊಟ್ಟು ಸುತ್ತಿಗೆಯಲ್ಲಿ ಹೊಡೆದಳು. ಬರಲಿಲ್ಲ. ಬೈದು ಹೊಡೆದಳು. ಬಂತು. ಆಮೇಲೆ ಗೇರ್‌ಬಾಕ್ಸಿನ ಹೊರಮುಚ್ಚಳದ ಸ್ಕ್ರೂಗಳಿಗೆ ಸ್ಕ್ರೂಡ್ರೈವರ್ ಹಿಡಿದವಳು ಹಾಗೇ ನಿಂತಳು.

ಐದು ಸ್ಕ್ರೂಗಳ ತಲೆಯ ಸೀಳಿನಲ್ಲೂ ಗ್ರೀಸು ಮತ್ತು ದೂಳು ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮುಚ್ಚಳದ ಅಂಚಿನಲ್ಲಿ ವರ್ಷಗಟ್ಟಲೆಯ ಕೊಳೆ ಒಂದು ಗೆರೆಯಂತೆ ಅಂಟಿಕೊಂಡಿತ್ತು, ಎಲ್ಲೂ ಕಿತ್ತಿರಲಿಲ್ಲ. ಯಂತ್ರದ ಜೊತೆ ಹದಿನೈದು ವರ್ಷ ಏಗಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟು ತಿಂಗಳಲ್ಲಿ ಒಬ್ಬನೂ ಈ ಬಾಕ್ಸನ್ನು ಬಿಚ್ಚಿರಲಿಲ್ಲ. ಬಿಚ್ಚದೇನೇ ಹಲ್ಲು ಉದುರಿದೆ ಅಂದಿದ್ದರು.

ಅವಳು ಅವತ್ತೇ ತಿಪಟೂರಿಗೆ ಓಡಲಿಲ್ಲ. ಸಿಟ್ಟಿನವಳಾದರೂ ಸಾಕ್ಷಿ ಇಲ್ಲದೆ ಜಗಳಕ್ಕೆ ಹೋಗುವವಳಲ್ಲ. ನಾಲ್ಕು ದಿನ ಬಿಚ್ಚಿದಳು. ಹೊರಮುಚ್ಚಳ ತೆಗೆದ ಕೂಡಲೇ ಪೆಡಲನ್ನು ವಾಪಸ್ ತಳ್ಳುವ ಸ್ಪ್ರಿಂಗು ಎರಡು ತುಂಡಾಗಿ ಗ್ರೀಸಿನೊಳಗೆ ಬಿದ್ದಿದ್ದು ಸಿಕ್ಕಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಲ್ಲು ನೋಡಲೇಬೇಕಿತ್ತು. ಎಡಗಡೆಯ ಕ್ಲಚ್ಚು ಬಿಚ್ಚದೆ ದೊಡ್ಡ ಶಾಫ್ಟು ಹೊರಗೆ ಬರುವುದಿಲ್ಲ ಅಂತ ತಿಳಿಯುವಷ್ಟರಲ್ಲಿ ಒಂದು ಇಡೀ ಮಧ್ಯಾಹ್ನ ಹೋಯಿತು, ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಯಿತು. ಕೊನೆಗೆ ಗೇರಿನ ಚಕ್ರಗಳನ್ನೆಲ್ಲ ಒಂದೊಂದಾಗಿ ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ಎಣಿಸಿದಳು. ಒಂದು ಹಲ್ಲೂ ಮುರಿದಿರಲಿಲ್ಲ. ಗೇರನ್ನು ಸರಿಸುವ ಎರಡು ಕವಲಿನ ಫೋರ್ಕು ಮಾತ್ರ ಒಂದು ಪಕ್ಕ ಸವೆದು ತೆಳ್ಳಗಾಗಿತ್ತು.

ಮುರಿದ ಸ್ಪ್ರಿಂಗನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು.

ಸೂರ್ಯಪ್ರಕಾಶನ ಗ್ಯಾರೇಜಿನಲ್ಲಿ ಆ ಹೊತ್ತಿಗೆ ಗಿರಾಕಿಗಳು, ಕೆಲಸದವರು ಸೇರಿ ಎಂಟು ಜನ ಇದ್ದರು. ಪವಿತ್ರ ಸ್ಪ್ರಿಂಗ್ ತುಂಡುಗಳನ್ನು ಅವನ ಮೇಜಿನ ಮೇಲೆ ಎಸೆದಳು.

"ಇದೇನ್ರೀ ನಿಮ್ಮ ಉದುರಿದ ಹಲ್ಲು? ಒಂದು ಸ್ಪ್ರಿಂಗ್ ಹಾಕ್ಬೇಕಾಗಿತ್ತು. ಸ್ಕ್ರೂ ಮುಟ್ಟಿಲ್ಲ, ಮುಚ್ಚಳ ತೆಗೆದಿಲ್ಲ. ಮುದುಕ ಅಂತ ಆಟ ಆಡಿಸಿದ್ರಾ? ದೊಡ್ಡ ಮನೆಯೋರಿಗೆ ಹಿಡಿದುಕೊಡಕ್ಕೆ ಎಷ್ಟು ತಿಂದ್ರಿ?"

"ಅಕ್ಕಾ, ಒಳಗೆ ಬನ್ನಿ, ಕೂತ್ಕಂಡು ಮಾತಾಡಣ."

"ಒಳಗ್ಯಾಕೆ? ಇಲ್ಲೇ ಕೇಳಿಸ್ಕಳ್ಳಿ ಎಲ್ರೂ. ಈ ಮನುಷ್ಯ ಕಳ್ಳ ಕಣ್ರೀ. ನಿಮ್ಮ ಗಾಡಿ ಬಿಟ್ಟಿದ್ರೆ ಈಗ್ಲೇ ತಗಂಡೋಗಿ. ಸುಳ್ಳು ಹೇಳಿ ಗಾಡಿ ಹೊಡೆಯೋ ಮನೆಹಾಳ."

ಒಬ್ಬ ಗಿರಾಕಿ ನಿಜವಾಗಿಯೂ ತನ್ನ ಗಾಡಿಯ ಕಡೆ ನೋಡಿದ. ಸೂರ್ಯಪ್ರಕಾಶ ಐವತ್ತರ ಮನುಷ್ಯ. ಮುಖ ಕೆಂಪಾಗಿ ಹೋಗಿತ್ತು. ಕೈಯಲ್ಲಿದ್ದ ಬಟ್ಟೆಗೆ ಬೆರಳು ಒರೆಸುತ್ತಲೇ ಇದ್ದ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದ.

"ಬಿಚ್ಚಿಲ್ಲ, ನಿಜ. ಯಾಕೆ ಬಿಚ್ಚಿಲ್ಲ ಅಂತ ನಿಮ್ಮಪ್ಪನ್ನ ಕೇಳಿ ಅಕ್ಕ. ಮಾತು ಕೊಟ್ಟಿದ್ದೆ, ಅದಕ್ಕೆ ಇಷ್ಟು ದಿನ ಸುಮ್ನಿದ್ದೆ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳಿಗೆ ಆ ಮಾತು ಸುಳ್ಳಿರಬೇಕು ಅನಿಸುತ್ತಿತ್ತು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ, ಸುಳ್ಳಲ್ಲದಿದ್ದರೆ ಏನು ಮಾಡಲಿ ಅಂತ ಮೊದಲ ಸಲ ಅನಿಸಿತು.

ದಾಸಯ್ಯ ಗಿರಣಿಯ ಗೋಡೆಗೆ ಒರಗಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಹೆರೆಯುತ್ತಿದ್ದ. ಬೆರಳಲ್ಲಿ ಸವರಿ ಸವರಿ ಹೆರೆಯುತ್ತಿದ್ದ.

"ಸೂರ್ಯಪ್ರಕಾಶಂಗೆ ಗಾಡಿ ಬಿಚ್ಬೇಡ ಅಂದೋನು ನೀನೇನಾ?"

ಕುಡುಗೋಲು ನಿಂತಿತು. "ಹೂಂ ಕಣವ್ವ."

"ಯಾಕೆ?"

"ಕಣ್ಣು ಕಾಣ್ತಿಲ್ಲ. ಎಡಗಣ್ಣು ಪೂರ್ತಿ ಮಂಜು. ಬಲಗಣ್ಣೂ ಅಷ್ಟಕ್ಕಷ್ಟೇ. ಅವತ್ತು ಸಿಪ್ಪೆ ಗುಡ್ಡೆ ಕಾಣಲಿಲ್ಲ, ಅದಕ್ಕೇ ಬಿದ್ದಿದ್ದು. ಗೇರು ಹಾರಿದ್ದಲ್ಲ. ರಿಪೇರಿ ಆಗಿ ಬಂದ್ರೆ ಓಡಿಸು ಅಂತೀಯ. ಓಡಿಸಕ್ಕಾಗಲ್ಲ ಅನ್ನಕ್ಕೆ ನಂಗೆ ಬಾಯಿ ಬರಲಿಲ್ಲ."

"ಇದನ್ನ ನಂಗೆ ಹೇಳಕ್ಕೇನಾಗಿತ್ತು?"

"ನಿಂಗಾ?" ದಾಸಯ್ಯ ಮುಖ ಎತ್ತಿದ. "ನಿಂಗೆ ಏನು ಹೇಳಕ್ಕೂ ಹೆದರಿಕೆ ಕಣವ್ವ. ಹೇಳಿದ್ರೆ ಸಿಪ್ಪೆ ಹಾಕಿದೋನ ಮನೆ ಬಾಗಿಲಿಗೆ ಹೋಗ್ತಿದ್ದೆ. ಡಾಕ್ಟ್ರನ್ನ ಬೈತಿದ್ದೆ. ಆಮೇಲೆ ನನ್ನ ಬೈತಿದ್ದೆ. ನಂಗೆ ಶಕ್ತಿ ಇರಲಿಲ್ಲ."

ಅದು ಅವಳಿಗೆ ಎದೆಗೆ ಒದ್ದ ಹಾಗಾಯಿತು. ಒದೆ ಬಿದ್ದಾಗ ಅವಳಿಗೆ ಗೊತ್ತಿದ್ದದ್ದು ಒಂದೇ, ತಿರುಗಿ ಒದೆಯುವುದು.

"ಅದಕ್ಕೆ ಆ ಮನೆಗೆ ಮಾರಕ್ಕೋದ್ಯಾ? ಬೇರೆ ಯಾರೂ ಸಿಗಲಿಲ್ವಾ ನಿಂಗೆ? ಆ ಜಗಲಿ ಮುಂದೆ ನಾಯಿ ಥರ ತಲೆ ಬಗ್ಗಿಸ್ಕಂಡು ಗಾಡಿ ತಳ್ತಿದ್ದೆ. ನಾನು ಮೇಲೆ ಕೂತು ನೋಡ್ತಿದ್ದೆ. ಮರೆತೋಯ್ತಾ?"

ದಾಸಯ್ಯ ಎದ್ದು ನಿಂತ. ಗರಿಯ ಕಟ್ಟು ತೊಡೆಯಿಂದ ಕೆಳಗೆ ಬಿತ್ತು. ಆ ದನಿಯನ್ನು ಅವಳು ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ಏನು ನೋಡಿದ್ದೆ ನೀನು? ಏನು ನೋಡಿದ್ದೆ? ನೀನು ಟ್ಯಾಂಕ್ ಮೇಲೆ ಕೂತಿದ್ದಾಗ ತಳ್ತಿದ್ದೆ. ಅದನ್ನ ನೀನು ನೋಡಿದ್ದೆ. ಒಬ್ನೇ ಇದ್ದಾಗ ಒಂದಿನಾನಾದ್ರೂ ಇಳಿದಿದ್ದೀನಾ ಊರೋರ್ನ ಕೇಳು. ಮೂರನೇ ಗೇರಲ್ಲಿ, ಹಾರನ್ ಹೊಡ್ಕಂಡು ಹೋಗ್ತಿದ್ದೆ. ಎರಡು ಸಲ ಕಲ್ಲು ಬಿತ್ತು. ಇಲ್ಲಿ ನೋಡು." ಕಿವಿಯ ಹಿಂದಿನ ಗಾಯದ ಗೆರೆ ತೋರಿಸಿದ. "ನಿಮ್ಮವ್ವನ ಹತ್ರ, ಎಮ್ಮೆ ಒದೀತು ಅಂದಿದ್ದೆ. ನೀನು ಮುಂದೆ ಕೂತಿದ್ದಾಗ ಆ ಕಲ್ಲು ಬಿದ್ದಿದ್ರೆ ಯಾರಿಗೆ ತಗಲೋದು? ಹೇಳು, ಯಾರಿಗೆ ತಗಲೋದು?"

ಪವಿತ್ರ ಬಗ್ಗಿ ಗರಿಯ ಕಟ್ಟು ಎತ್ತಿಟ್ಟಳು.

"ಶಿವಮೂರ್ತಿ ನೀನಿಲ್ಲದಾಗ ಮೂರು ಸಲ ಬಂದ. ಇದೇ ಜಾಗದಲ್ಲಿ, ನೆಲದ ಮೇಲೆ ಕೂತು, 'ದಾಸಣ್ಣ, ಗಾಡಿ ನಂಗೆ ಕೊಡಿ' ಅಂತ ಕೇಳ್ದ. ಅವರಪ್ಪ ಇಳಿ ಅಂದಿದ್ದ ಗಾಡಿ ಅದು. ಮಗ ಬಂದು ಕೇಳ್ದ. ನಂಗೆ ಅಷ್ಟು ಸಾಕಾಗಿತ್ತು."

"ನಂಗೆ ಸಾಕಾಗಿಲ್ಲ" ಅಂದಳು ಪವಿತ್ರ.

"ಗಾಡಿ ನಂದು. ಕಲ್ಲು ಬಿದ್ದಿದ್ದು ನಂಗೆ. ಸಾಕೋ ಬೇಡ್ವೋ ಅನ್ನೋನು ನಾನು."

ಅಪ್ಪ ಒಳಗೆ ಹೋದ. ಕರೆಂಟು ಬಂತು. ಗಿರಣಿಯ ಮುಂದೆ ಜನ ಸೇರಿದ್ದರು. ಅವತ್ತು ಅವಳು ಕಲ್ಲಿದ್ದ ರಾಗಿಯನ್ನೂ ಹಿಂದಕ್ಕೆ ಕಳಿಸದೆ ಬೀಸಿಕೊಟ್ಟಳಂತೆ.

ಆಮೇಲೆ ಐದಾರು ದಿನ ಮನೆಯಲ್ಲಿ ಮಾತಿಲ್ಲ. ಅನ್ನ ಬಡಿಸುವ ಸದ್ದು, ಚೊಂಬು ಇಡುವ ಸದ್ದು, ಅಷ್ಟೇ. ತಿಮ್ಮೇಶ್ ಇಬ್ಬರ ನಡುವೆ ಕೂತು ಮಳೆಯ ವಿಷಯ, ಕೊಬ್ಬರಿ ರೇಟಿನ ವಿಷಯ ತೆಗೆದು ನೋಡಿದ. ಸಿಟ್ಟು ಯಾರ ಮೇಲೆ ಅಂತ ಪವಿತ್ರಳಿಗೇ ಗೊತ್ತಾಗುತ್ತಿರಲಿಲ್ಲ. ಗಂಗಾಧರಯ್ಯ ಸತ್ತು ಹತ್ತು ವರ್ಷವಾಗಿತ್ತು. ಇಷ್ಟು ವರ್ಷ ಅಪ್ಪನನ್ನು ಹೇಡಿ ಅಂದುಕೊಂಡ ತನ್ನ ಮೇಲೆ ಸಿಟ್ಟು ಬರುತ್ತಿತ್ತು. ತನಗೆ ಹಾಗೆ ಅಂದುಕೊಳ್ಳಲು ಬಿಟ್ಟ ಅವನ ಮೇಲೂ ಬರುತ್ತಿತ್ತು. ಗಾಡಿ ಮಾತ್ರ ಬಿಚ್ಚಿ ಹರವಿಕೊಂಡು ಬಿದ್ದಿತ್ತು, ಅದನ್ನು ಹಾಗೇ ಬಿಡುವ ಹಾಗಿರಲಿಲ್ಲ. ತುಮಕೂರಿನಿಂದ ಹೊಸ ಸ್ಪ್ರಿಂಗು, ಪ್ಯಾಕಿಂಗು ತರಿಸಿ ಜೋಡಿಸತೊಡಗಿದಳು.

ಜೋಡಿಸಿದ ಮೇಲೆ ಒಂದು ಕಡೆ ಸಿಕ್ಕಿಕೊಂಡಳು. ಪೆಡಲಿನ ಹಿಂದೆ ಒಂದು ತಗಡಿನ ಪಟ್ಟಿ ಇದೆ. ಎರಡು ಬೋಲ್ಟು ಸಡಿಲಿಸಿ ಅದನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿದರೆ ಗೇರುಗಳು ಸರಿಯಾಗಿ ಬೀಳುತ್ತವೆ. ಮೇಲೆ ಸರಿಸಿದರೆ ಒಂದನೇ ಗೇರು ಬೀಳುತ್ತಿತ್ತು, ನಾಲ್ಕನೆಯದು ಬೀಳುತ್ತಿರಲಿಲ್ಲ. ಕೆಳಗೆ ಸರಿಸಿದರೆ ನಾಲ್ಕು ಬಿದ್ದು ಒಂದು ತಪ್ಪುತ್ತಿತ್ತು. ಹತ್ತು ಸಲ, ಇಪ್ಪತ್ತು ಸಲ. ಕೊನೆಗೆ ಸ್ಪ್ಯಾನರನ್ನು ಗೋಡೆಗೆ ಎಸೆದಳು.

ದಾಸಯ್ಯ ಒಳಗಿನಿಂದ ಬಂದು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕೈ ಚಾಚಿದ. ಪವಿತ್ರ ಸ್ಪ್ಯಾನರ್ ಹೆಕ್ಕಿ ತಂದು ಅಂಗೈಯಲ್ಲಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಹೇಗೂ ಕಾಣುತ್ತಿರಲಿಲ್ಲ. ಎಡಗೈ ಹೆಬ್ಬೆರಳನ್ನು ಪಟ್ಟಿಯ ಅಂಚಿಗೆ ಒತ್ತಿ, ಬಲಗೈಯಲ್ಲಿ ಪೆಡಲ್ ಆಡಿಸಿದ.

"ಹಿಂದಿನ ಚಕ್ರ ತಿರುಗಿಸು."

ತಿರುಗಿಸಿದಳು. ಗೇರು ಟಕ್ ಅಂತ ಬಿತ್ತು.

"ಇನ್ನೂ ತಿರುಗಿಸು. ಬೇಗ ಅಲ್ಲ. ಮೆತ್ತಗೆ."

ಒಂದು, ಎರಡು, ಮೂರು, ನಾಲ್ಕು. ಬೋಲ್ಟು ಬಿಗಿದು ಎದ್ದು ಹೋದ. ಆರು ದಿನದಲ್ಲಿ ಅವರು ಆಡಿದ ಮಾತು ಅಷ್ಟೇ.

ತಿಮ್ಮೇಶ್ ಓಡಿಸಿ ನೋಡಿದ. ವಾಪಸ್ ಬಂದು, "ಎಲ್ಲ ಸರಿ ಕಣೇ, ಮೂರನೇದು ಮಾತ್ರ ಏರು ಬಂದಾಗ ಹಾರ್ಕಂತದೆ" ಅಂದ. ಸವೆದ ಫೋರ್ಕನ್ನೇ ಹಾಕಿದ್ದರಿಂದ ಹಾಗಾಗಲೇಬೇಕಿತ್ತು. ಹೊಸದು ತುಮಕೂರಿನಲ್ಲಿ ಸಿಕ್ಕಿರಲಿಲ್ಲ. ಹಳೇ ಗಾಡಿಗಳ ಸಾಮಾನನ್ನು ಗುಡ್ಡೆ ಹಾಕಿಕೊಂಡಿರುವವನು ಈ ಸೀಮೆಯಲ್ಲಿ ಒಬ್ಬನೇ, ಸೂರ್ಯಪ್ರಕಾಶ.

"ನಾನು ಹೋಗಿ ತರ್ಲಾ?" ಅಂದ ತಿಮ್ಮೇಶ್.

"ಬೇಡ. ಬೈದೋಳು ನಾನು."

ಬೆಳಿಗ್ಗೆ ಹತ್ತಕ್ಕೆ ಗ್ಯಾರೇಜು ಮುಟ್ಟಿದಳು. ಸೂರ್ಯಪ್ರಕಾಶ ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಪವಿತ್ರ ನಿಂತಲ್ಲೇ ಹೇಳಿದಳು, "ತಪ್ಪು ನಂದು. ನೀವು ಕಳ್ಳರಲ್ಲ."

ಅವನು ನಿಧಾನಕ್ಕೆ ಸುತ್ತ ನೋಡಿದ. "ಅವತ್ತು ನೀವು ಕಳ್ಳ ಅಂದಾಗ ಇಲ್ಲಿ ಎಂಟು ಜನ ಇದ್ರು ಅಕ್ಕ. ಇವತ್ತು ಇಬ್ರೇ ಇದ್ದಾರೆ. ಅವತ್ತು ಗಾಡಿ ತಗಂಡೋದೋನು ಇನ್ನೂ ವಾಪಸ್ ಬಂದಿಲ್ಲ."

ಪವಿತ್ರಳಿಗೆ ರಕ್ತ ನೆತ್ತಿಗೇರಿತು. ವಾಪಸ್ ಹೋಗಿಬಿಡಬೇಕು ಅನಿಸಿತು. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಳು. ಹನ್ನೊಂದಾಯಿತು, ಹನ್ನೆರಡಾಯಿತು. ಯಾರೋ ಪಂಕ್ಚರ್ ಗಾಡಿ ತಂದರು, ಯಾರೋ ಬ್ರೇಕ್ ಕೇಬಲ್ ಕೇಳಿಕೊಂಡು ಬಂದರು. ಸೂರ್ಯಪ್ರಕಾಶ ಟೀ ತರಿಸಿದ, ಅವಳಿಗೂ ಒಂದು ಲೋಟ ಬಂತು, ಅವಳು ಮುಟ್ಟಲಿಲ್ಲ. ಒಂದು ಗಂಟೆಗೆ ತಲೆ ಎಣಿಸಿದಳು. ಒಂಬತ್ತು ಜನ ಇದ್ದರು. ಎದ್ದು ನಿಂತು, ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿ ಅಭ್ಯಾಸವಾದ ದನಿಯಲ್ಲಿ ಹೇಳಿದಳು.

"ಕೇಳಿಸ್ಕಳ್ಳಿ ಇಲ್ಲಿ. ಹೋದ ವಾರ ನಾನು ಇವ್ರನ್ನ ಕಳ್ಳ ಅಂದಿದ್ದೆ. ಸುಳ್ಳು. ನಮ್ಮಪ್ಪಂಗೆ ಕೊಟ್ಟ ಮಾತು ಉಳಿಸ್ಕಂಡಿದ್ರು, ಅಷ್ಟೇ. ತಿಳೀದೆ ಬೈದೋಳು ನಾನು. ಅವತ್ತು ಇದ್ದೋರು ಸಿಕ್ಕಿದ್ರೆ ಹೇಳಿ."

ಬ್ರೇಕ್ ಕೇಬಲ್‌ಗೆ ಬಂದವನು ಏನೂ ಅರ್ಥವಾಗದೆ ಸುಮ್ಮನೆ ತಲೆಯಾಡಿಸಿದ. ಸೂರ್ಯಪ್ರಕಾಶ ಒಳಗೆ ಹೋಗಿ ಬಹಳ ಹೊತ್ತು ಡಬ್ಬಗಳನ್ನು ಸರಿಸಾಡಿ ಒಂದು ಫೋರ್ಕು ತಂದು ಅವಳ ಮುಂದಿಟ್ಟ. ಹಳೆಯದೇ, ಆದರೆ ಸವೆದಿರಲಿಲ್ಲ.

"ಬಾಕ್ಸು ನೀವೇ ಜೋಡಿಸಿದ್ರಾ?"

"ಹೂಂ. ಅಪ್ಪ ಪಟ್ಟಿ ಕೂರಿಸಿಕೊಟ್ರು."

"ಇದಕ್ಕೆ ಮತ್ತೆ ಪೂರ್ತಿ ಬಿಚ್ಬೇಕು."

"ಗೊತ್ತು" ಅಂದಳು, ಮತ್ತೆ ಸಿಟ್ಟಿನಲ್ಲೇ.

ಎರಡನೇ ಸಲ ಬಿಚ್ಚಿ ಜೋಡಿಸಲು ಎರಡೇ ದಿನ ಸಾಕಾಯಿತು. ಮೂರನೇ ಗೇರು ಹಾರದೆ ನಿಂತಿತು. ಆ ಭಾನುವಾರ ಶಿವಮೂರ್ತಿ ನಾಲ್ಕನೇ ಸಲ ಬಂದಾಗ ಪವಿತ್ರ ಒಳಗೇ ಇದ್ದಳು. ಹೊರಗೆ ಬರಬಾರದು ಅಂತ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ಇಲ್ಲ ಕಣಪ್ಪ, ಮಗಳು ಓಡಿಸ್ತಾಳಂತೆ" ಅಂದ ದಾಸಯ್ಯ. ಅವಳು ಹಾಗೆ ಹೇಳಿರಲೇ ಇಲ್ಲ. ಸ್ಕೂಟರ್ ಬಿಟ್ಟು ಬೇರೆ ಗಾಡಿಯನ್ನು ಅವಳು ಓಡಿಸಿಯೂ ಇರಲಿಲ್ಲ.

ಹಾಗಾಗಿ ಕಲಿಯಬೇಕಾಯಿತು. ಬಲಗಾಲಿನ ಗೇರು, ಎಡಗಾಲಿನ ಬ್ರೇಕು ಅವಳಿಗೆ ತಿಂಗಳುಗಟ್ಟಲೆ ತಲೆಕೆಳಗಾಗಿ ಕಾಡಿತು. ಅಷ್ಟರಲ್ಲಿ ದಾಸಯ್ಯನ ಎಡಗಣ್ಣಿನ ಪೊರೆ ತೆಗೆಸಿದರು, ಆಮೇಲೆ ಬಲಗಣ್ಣಿನದು. ಕಣ್ಣು ಬಂದ ಮೇಲೂ ಅವನು ಗಾಡಿ ಕೇಳಲಿಲ್ಲ. ಹಿಂದೆ ಕೂರುತ್ತಾನೆ. ಕೂತು ಸುಮ್ಮನಿರುವುದಿಲ್ಲ. ಹೋದ ತಿಂಗಳು ಹುಳಿಯಾರಿನ ಬಸ್‌ಸ್ಟ್ಯಾಂಡಿನ ಎದುರು ಅವಳು ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸುತ್ತಿದ್ದಾಳೆ ಅಂತ ಇಳಿದು ನಿಂತು ಕೂಗಾಡಿದ. ಅವಳೂ ಇಳಿದು ಕೂಗಾಡಿದಳು. ಬೆಲ್ಟ್ ಅಂಗಡಿಯ ನಂಜುಂಡಪ್ಪ ಹೊರಗೆ ಬಂದು ಇಬ್ಬರಿಗೂ ನೀರು ಕೊಟ್ಟ. ಕುಡಿದು, ಗಿರಣಿಗೆ ಬೇಕಾದ ಬೆಲ್ಟು ಕೊಂಡು, ಇಬ್ಬರೂ ಅದೇ ಗಾಡಿಯಲ್ಲಿ ಊರಿಗೆ ಬಂದರು.